ತಂತಿಯಿಲ್ಲದ ಎಂಟು

ಮೂರನೆಯ ಸಲ ಎಣಿಸಿದಾಗಲೂ ಮೂವತ್ತೊಂದೇ ಬಂತು.

ಅಣ್ಣ ಮೇಜಿನ ಪಕ್ಕ ಮಂಡಿಯೂರಿ ಕುಳಿತಿದ್ದ. ಎಡಗೈಯಲ್ಲಿ ತಂಗಿಯ ಮಗು, ಬಲಗೈಯಲ್ಲಿ ಒಂದು ತಗಡಿನ ಡಬ್ಬಿ. ನೆಲದ ಮೇಲೆ ಚೆಲ್ಲಿದ್ದ ಸಿಪಾಯಿಗೊಂಬೆಗಳ ಹಸಿರು ತುರಾಯಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದ್ದ. ಹೊರಗೆ ಸುರಿದು ಮತ್ತೆ ಹಾಕಿದ್ದ. ಬೆಳಿಗ್ಗೆ ತಟ್ಟೆಯಲ್ಲಿ ಮೂವತ್ತೆರಡು ಇದ್ದವು. ಎಂಟರ ನಾಲ್ಕು ಸಾಲು, ತಪ್ಪಲು ಸಾಧ್ಯವಿರಲಿಲ್ಲ. ಒಂದೊಂದೂ ಏಳು ಮಿಲಿಮೀಟರ್ ಉದ್ದ, ಮೂರು ಮಿಲಿಮೀಟರ್ ದಪ್ಪ. ಭತ್ತದ ಕಾಳಿಗಿಂತ ತುಸು ದಪ್ಪ ಎನ್ನಬಹುದು. ಹದಿನಾಲ್ಕು ತಿಂಗಳ ಮಗುವಿನ ಉಸಿರಿನ ದಾರಿ ಎಷ್ಟು ಅಗಲವಿರುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಮಗುವನ್ನು ಮನೆಯಲ್ಲಿ ಇಲಿಮರಿ ಎಂದು ಕರೆಯುತ್ತಿದ್ದರು. ಕೈಗೆ ಸಿಕ್ಕಿದ್ದೆಲ್ಲ ಅದರ ಬಾಯಿಗೆ ಹೋಗುತ್ತಿತ್ತು. ತಂಗಿ ಎರಡು ಬೀದಿಯಾಚೆಯ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಅವಳ ಗಂಡ ಲಾರಿ ಓಡಿಸುವವನು, ವಾರದಲ್ಲಿ ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಗುವನ್ನು ನೋಡಿಕೊಳ್ಳುವುದು ಅಣ್ಣನ ಪಾಲಿಗೆ ಬಂದ ಕೆಲಸ. ಆ ಒಂದು ಗಂಟೆ ತಾನು ಮೇಜಿಗೆ ಕೂರುವುದಿಲ್ಲ ಎಂದು ಅವನೇ ಹಾಕಿಕೊಂಡ ನಿಯಮವಿತ್ತು. ಆ ದಿನ ಕೂತಿರಲಿಲ್ಲ, ನಿಂತಿದ್ದ. ಕಿಟಕಿಯ ಬೆಳಕಿಗೆ ಮುಖಮಾಡಿ, ಮೇಜಿಗೆ ಬೆನ್ನುಹಾಕಿ, ಗೊಂಬೆ ಕೆಲಸದ ಪುಟ್ಟಿ ನಾದುತ್ತಿದ್ದ, ಎರಡು ಪಟ್ಟಿ ಬೆರೆತರೆ ಗಟ್ಟಿಯಾಗುವ ಅಂಟುಹಿಟ್ಟು. ಹಳದಿ ಪಟ್ಟಿ, ನೀಲಿ ಪಟ್ಟಿ. ಎರಡೂ ತಾಗಿಕೊಂಡಿರುವ ಗೆರೆಯಲ್ಲಿ ಮೊದಲೇ ಗಟ್ಟಿಯಾಗಿರುವ ಎಳೆಯನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದಿಷ್ಟೂ ಹಳದಿ ಕಾಣದಂತೆ ಹಸಿರಾಗುವವರೆಗೆ ನಾದಬೇಕು. ನಾಲ್ಕು ನಿಮಿಷದ ಕೆಲಸ. ಮೂರನೆಯ ನಿಮಿಷದಲ್ಲಿ ಬೆನ್ನ ಹಿಂದೆ ತಟ್ಟೆ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಮಗು ಮೇಜಿನ ಬಟ್ಟೆ ಹಿಡಿದುಕೊಂಡು ತನ್ನ ಕಾಲ ಮೇಲೆ ನಿಂತಿತ್ತು. ನಿಂತೇ ಕೆಮ್ಮುತ್ತಿತ್ತು.

ಮುಖ ಕೆಂಪಾಗಿ, ಕೆಂಪು ಕಪ್ಪಾಗುವ ಮೊದಲೇ ಅವನು ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದಿದ್ದ. ಐದು ಏಟು. ಜೊಲ್ಲು ಬಂತು, ಬೇರೇನೂ ಬರಲಿಲ್ಲ. ಆಮೇಲೆ ಅಳು ಬಂತು. ಅಳು ಬಂದರೆ ಉಸಿರಿದೆ ಎಂದು ಲೆಕ್ಕ. ಅವನು ಬೆರಳಿನಿಂದ ಬಾಯಿ ತೆರೆದು ನೋಡಿದ: ಆರು ಹಲ್ಲು, ನಾಲಿಗೆ, ಅದರಾಚೆ ಕತ್ತಲು. ಆಮೇಲೆ ಎಣಿಸಲು ಕುಳಿತ.

ಮೂವತ್ತೊಂದು.

ಟ್ಯಾಕ್ಸಿ ಶಾಲೆಯ ಗೇಟಿನ ಮುಂದೆ ನಿಂತಾಗ ತಂಗಿ ಅಲ್ಲೇ ಇದ್ದಳು. ಫೋನಿನಲ್ಲಿ ಅವನು ಹೇಳಿದ್ದು ಆರೇ ಮಾತು. ಬಾಗಿಲು ಹಾಕುವ ಮೊದಲೇ ಅವಳು ಮಗುವನ್ನು ಕಿತ್ತುಕೊಂಡಳು.

"ಏನ್ ನುಂಗಿದ್ಲು? ಸರಿಯಾಗ್ ಹೇಳು."

"ತುರಾಯಿ. ನುಂಗಿದ್ಲೋ ಇಲ್ವೋ ಗೊತ್ತಿಲ್ಲ. ಒಂದು ಕಮ್ಮಿ ಇದೆ."

"ನೀನೆಲ್ಲಿದ್ದೆ?"

"ಅಲ್ಲೇ ಇದ್ದೆ."

ಅವಳು ಮಗುವಿನ ಎದೆಗೆ ಕಿವಿ ಹಚ್ಚಿದಳು. ಇಲಿಮರಿ ಅಳು ನಿಲ್ಲಿಸಿ, ತಾಯಿಯ ಕಿವಿಯೋಲೆಯನ್ನು ಬಾಯಿಗೆ ತಂದುಕೊಳ್ಳಲು ನೋಡಿತು.

"ನೋಡು, ಇವಳಿಗೆ ಬುದ್ಧಿ ಬಂದಿದ್ಯಾ ಅಂತ," ಎಂದು ತಂಗಿ ನಕ್ಕಳು. ನಕ್ಕವಳೇ ಅಳತೊಡಗಿದಳು.

ಅಣ್ಣ ಇಪ್ಪತ್ತಾರು ವರ್ಷ ಕಟ್ಟುಹಲ್ಲು ತಯಾರಿಸುವ ಕಡೆ ಮೇಣ ಕೆತ್ತಿದವನು. ಆ ಅಂಗಡಿ ಮುಚ್ಚಿದ ಮೇಲೆ ಅದೇ ಸಲಾಕೆ, ಅದೇ ಭೂತಗನ್ನಡಿ ಹಿಡಿದು ಸಿಪಾಯಿಗೊಂಬೆಗಳಿಗೆ ಬಂದಿದ್ದ. ಮೇಜಿನ ಮೇಲೆ ಯುದ್ಧದ ಆಟ ಆಡುವ ದೊಡ್ಡವರಿದ್ದಾರೆ. ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಸೈನ್ಯ ನಡೆಸುತ್ತಾರೆ. ಕಾರ್ಖಾನೆಯಿಂದ ಬರುವ ಸಿಪಾಯಿಗಳೆಲ್ಲ ಒಂದೇ ಅಚ್ಚಿನವರು. ತನ್ನ ಪಡೆ ಬೇರೆಯವರ ಪಡೆಯಂತೆ ಇರಬಾರದು ಎನ್ನುವವರು ಅಣ್ಣನ ಬಳಿ ಬರುತ್ತಿದ್ದರು. ಹೆಬ್ಬೆರಳಿನ ಅರ್ಧದಷ್ಟಿಲ್ಲದ ಆಳಿನ ಹೆಗಲಿಗೆ ಅವನು ಪುಟ್ಟಿಯಿಂದ ತುಪ್ಪಳದ ಹೊದಿಕೆ ಹೊದಿಸುತ್ತಿದ್ದ, ಸೊಂಟಕ್ಕೆ ಪಟ್ಟಿ ಕಟ್ಟುತ್ತಿದ್ದ, ಶಿರಸ್ತ್ರಾಣಕ್ಕೆ ತುರಾಯಿ ನೆಡುತ್ತಿದ್ದ.

ಅವನ ಕೆಲಸಕ್ಕೆ ಒಂದು ಹೆಸರಿತ್ತು: ಮುರಿಯುವುದಿಲ್ಲ. ಮೊದಲು ಹಿತ್ತಾಳೆಯ ಎಳೆ, ಅದರ ಸುತ್ತ ಪುಟ್ಟಿ. ಕೆಳಗೆ ಚಾಚಿಕೊಂಡ ತಂತಿಯ ತುದಿ ಗೊಂಬೆಯಲ್ಲಿ ಕೊರೆದ ತೂತಿನೊಳಗೆ ಕೂರುತ್ತಿತ್ತು. ಮನೆಯಲ್ಲಿ ಇದೊಂದು ತಮಾಷೆಯ ಮಾತಾಗಿತ್ತು. ಇಲಿಮರಿ ಎದ್ದು ನಿಲ್ಲಲು ಕಲಿತು ಮತ್ತೆ ಮತ್ತೆ ಬೀಳುತ್ತಿದ್ದಾಗ ತಂಗಿಯ ಗಂಡ ಹೇಳಿದ್ದ: "ಭಾವ, ಇವಳಿಗೂ ಒಂದು ತಂತಿ ಹಾಕಿ ನಿಲ್ಲಿಸ್ಬಿಡಿ, ಬೀಳೋ ರಗಳೆಯೇ ಇರಲ್ಲ."

ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕಣ್ಣಿನಲ್ಲಿ ನಿದ್ದೆ ತುಂಬಿತ್ತು. ಸ್ಟೆತಸ್ಕೋಪ್ ಇಟ್ಟ ತಕ್ಷಣ ಮಗು ಕಿರುಚಿಕೊಂಡಿತು.

"ಇಷ್ಟು ಅಳ್ತಿದ್ರೆ ನಂಗೆ ಸರಿಯಾಗಿ ಕೇಳ್ಸಲ್ಲ. ಏನದು ವಸ್ತು? ಕಬ್ಬಿಣವಾ, ಪ್ಲಾಸ್ಟಿಕ್ಕಾ?"

"ಪುಟ್ಟಿ," ಎಂದ ಅಣ್ಣ.

"ಪುಟ್ಟಿ ಎಕ್ಸ್‌ರೇಲಿ ಕಾಣೋದು ಕಷ್ಟ."

"ಒಳಗೆ ತಂತಿ ಇದೆ ಡಾಕ್ಟ್ರೇ," ಎಂದಳು ತಂಗಿ. "ನಮ್ಮಣ್ಣ ಪ್ರತಿಯೊಂದಕ್ಕೂ ತಂತಿ ಹಾಕ್ತಾನೆ. ಹಿತ್ತಾಳೇದು. ಹಾಕ್ದೇ ಇರೋದೇ ಇಲ್ಲ."

ಡಾಕ್ಟರಮ್ಮ ಅಣ್ಣನ ಕಡೆ ನೋಡಿದಳು. ಅವನು ಬಾಯಿ ತೆರೆದ. ಆಗಲೇ ಮಗು ಇನ್ನೊಮ್ಮೆ ಕೆಮ್ಮಿತು. ಎಲ್ಲರೂ ಅದರ ಕಡೆ ತಿರುಗಿದರು. ಮತ್ತೆ ಇತ್ತ ತಿರುಗುವ ಹೊತ್ತಿಗೆ ಡಾಕ್ಟರಮ್ಮ ಚೀಟಿ ಬರೆಯುತ್ತಿದ್ದಳು.

"ಹಾಗಾದ್ರೆ ಒಳ್ಳೇದಾಯ್ತು. ಲೋಹ ಇದ್ರೆ ಬಿಳಿ ಗೆರೆ ಹಾಗೆ ಎದ್ದು ಕಾಣತ್ತೆ. ಕತ್ತಿಂದ ಹೊಟ್ಟೇವರೆಗೂ ತೆಗೆಸ್ಕೊಂಡ್ ಬನ್ನಿ."

ತಂಗಿಯ ಫೋನು ಬಡಿದುಕೊಂಡಿತು. ಅವಳ ಗಂಡ ಎಲ್ಲೋ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ. ಅವನ ದನಿ ಪಕ್ಕದಲ್ಲಿದ್ದ ಅಣ್ಣನಿಗೂ ಕೇಳುವಷ್ಟು ದೊಡ್ಡದು. "ಅಳ್ಬೇಡ್ವೇ. ಭಾವ ತಂತಿ ಹಾಕ್ದೆ ಬಿಟ್ಟಿರೋದು ಏನಾದ್ರೂ ಇದ್ಯಾ ಆ ಮನೇಲಿ? ಒಳಗಿದ್ರೆ ಕಂಡೇ ಕಾಣತ್ತೆ. ಮೊದ್ಲು ತೆಗೆಸು."

ಎಕ್ಸ್‌ರೇ ಕೋಣೆಯವನು ಮಾತುಗಾರ. ಮಗುವಿನ ಕೈ ಮೇಲೆತ್ತಿ ಹಿಡಿದುಕೊಳ್ಳಲು ತಂಗಿಗೆ ಹೇಳಿಕೊಡುತ್ತ, ಅಣ್ಣನ ಬೆರಳಿಗೆ ಅಂಟಿದ್ದ ಹಸಿರನ್ನು ನೋಡಿ, "ಏನ್ ಸಾರ್, ಗೊಂಬೆ ಮಾಡೋರಾ? ನಿಮ್ಮ ಗೊಂಬೆಗಳು ನಮ್ಮ ಪೇಷಂಟ್‌ಗಳಿಗಿಂತ ವಾಸಿ, ಅಲ್ಲಾಡದೆ ನಿಂತ್ಕೋತಾವೆ," ಎಂದ. ಯಾರೂ ನಗಲಿಲ್ಲ. ಅವನು ಗಂಭೀರನಾಗಿ ಬಾಗಿಲು ಹಾಕಿಕೊಂಡ.

ಅಣ್ಣ ಬಾಗಿಲ ಹೊರಗೆ ಗೋಡೆಗೆ ಒರಗಿ, ಬಿಳಿ ಗೆರೆ ಕಾಣಲಿ ಎಂದು ಬೇಡಿಕೊಂಡ. ಮಗುವಿನ ಎದೆಯಲ್ಲಿ ಲೋಹ ಕಾಣಲಿ ಎಂದು ಬೇಡಿಕೊಳ್ಳುವ ಮಾವ ಲೋಕದಲ್ಲಿ ತಾನೊಬ್ಬನೇ ಇರಬೇಕು ಎನಿಸಿತು.

ಗೆರೆ ಕಾಣಲಿಲ್ಲ. ಡಾಕ್ಟರಮ್ಮ ಪರದೆಯ ಮೇಲಿನ ಚಿತ್ರವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದಳು. ಚಿಕ್ಕ ಚಿಕ್ಕ ಪಕ್ಕೆಲುಬುಗಳು, ಹೊಟ್ಟೆಯಲ್ಲಿ ಗಾಳಿಯ ಗುಳ್ಳೆಗಳು, ಅಷ್ಟೇ.

"ಏನೂ ಇಲ್ಲ. ತಂತಿ ಇದ್ದಿದ್ರೆ ತಪ್ಪಿಸ್ಕೊಳ್ತಿರ್ಲಿಲ್ಲ. ಮನೇಲೇ ಎಲ್ಲೋ ಬಿದ್ದಿರತ್ತೆ, ಮಂಚದ ಕೆಳಗೆ ನೋಡಿ. ತಟ್ಟೆ ಬಿದ್ದ ಗಾಬರೀಲಿ ಎಂಜಲು ಸಿಕ್ಕಿ ಕೆಮ್ಮು ಬಂದಿರ್ಬಹುದು. ಇನ್ನರ್ಧ ಗಂಟೆ ಹೊರಗೆ ಕೂತಿರಿ. ಕೆಮ್ಮು ಬರ್ಲಿಲ್ಲ ಅಂದ್ರೆ ಹೊರಡಿ."

ಹೊರಗಿನ ಬೆಂಚಿನ ಮೇಲೆ ತಂಗಿ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಅಳುವಿಗೆ ಸುಸ್ತಾಗಿ ಅದು ಎರಡೇ ನಿಮಿಷಕ್ಕೆ ನಿದ್ದೆಹೋಯಿತು. ತಂಗಿ ಗಂಡನಿಗೆ ಫೋನು ಮಾಡಿ, "ಏನೂ ಇಲ್ವಂತೆ ರೀ, ಏನೂ ಇಲ್ವಂತೆ," ಎಂದು ನಾಲ್ಕು ಸಲ ಹೇಳಿದಳು. ಫೋನು ಇಟ್ಟು, ಅಣ್ಣನ ತೋಳಿಗೆ ಭುಜ ತಾಗಿಸಿ, "ನಿನ್ ಮುಖ ನೋಡು, ಸುಣ್ಣ ಹಚ್ಚಿದ ಹಾಗಿದೆ," ಎಂದಳು. "ನಂಗೂ ಪ್ರಾಣ ಹೋಗಿ ಬಂತು. ಮನೆಗ್ ಹೋದ್ಮೇಲೆ ನಿಂಗೆ ಚೆನ್ನಾಗಿ ಬೈತೀನಿ, ಈಗ ಶಕ್ತಿ ಇಲ್ಲ."

ಅಣ್ಣ ಗೋಡೆಯ ಗಡಿಯಾರ ನೋಡುತ್ತ ಮಗುವಿನ ಉಸಿರು ಎಣಿಸುತ್ತಿದ್ದ. ಹದಿನೈದು ಸೆಕೆಂಡಿಗೆ ಹನ್ನೊಂದು. ನಾಲ್ಕರಿಂದ ಗುಣಿಸಿದರೆ ನಲವತ್ತನಾಲ್ಕು. ಅದು ಹೆಚ್ಚೋ ಕಡಿಮೆಯೋ ಅವನಿಗೆ ಗೊತ್ತಿರಲಿಲ್ಲ. ಆದರೆ ಪ್ರತಿ ಉಸಿರು ಹೊರಗೆ ಬರುವಾಗ ಅದರ ತುದಿಯಲ್ಲಿ ಒಂದು ಸಣ್ಣ ಸೀಟಿ ಇತ್ತು. ಮುಚ್ಚಿದ ಬಾಗಿಲ ಸಂದಿನಿಂದ ಗಾಳಿ ನುಗ್ಗಿದ ಹಾಗೆ.

"ಮೂಗು ಕಟ್ಟಿದೆ ಇವಳಿಗೆ," ಎಂದಳು ತಂಗಿ, ಅವನ ದೃಷ್ಟಿ ನೋಡಿ.

ಅವನು ಚೀಲದಿಂದ ಡಬ್ಬಿ ತೆಗೆದ. ಮನೆಯಿಂದ ಹೊರಡುವಾಗ ಡಾಕ್ಟರಿಗೆ ತೋರಿಸಬೇಕಾದೀತು ಎಂದು ಹಾಗೆಯೇ ಹಿಡಿದು ತಂದಿದ್ದ. ಮುಚ್ಚಳದ ಒಳಗೆ, ಗಿರಾಕಿಗೆ ಕೊಡುವ ಕಾರ್ಡು ಸಿಕ್ಕಿಸಿತ್ತು. ಬರೆದವಳು ತಂಗಿ, ಅವಳ ಅಕ್ಷರ ದುಂಡಗೆ. 'ಪ್ರತಿಯೊಂದು ತುರಾಯಿಯೊಳಗೂ ಹಿತ್ತಾಳೆಯ ತಂತಿ ಇದೆ. ಕೈತಪ್ಪಿ ಬಿದ್ದರೆ ಚಿಂತಿಸಬೇಡಿ.'

ಹತ್ತು ದಿನದ ಹಿಂದೆ ಇಪ್ಪತ್ತನಾಲ್ಕನೆಯ ಶಿರಸ್ತ್ರಾಣದ ನೆತ್ತಿ ಕೊರೆದು ಮುಗಿಸುತ್ತಲೇ ಬೈರಿಗೆಯ ಮೊನೆ ಮುರಿದಿತ್ತು. ಅರ್ಧ ಮಿಲಿಮೀಟರಿನ ಮೊನೆ ಆ ಊರಿನಲ್ಲಿ ಸಿಗುವಂಥದ್ದಲ್ಲ. ತರಿಸಿದರೆ ಎರಡು ವಾರ. ಗಿರಾಕಿಗೆ ಶನಿವಾರ ಎಂದು ಮಾತು ಕೊಟ್ಟಾಗಿತ್ತು. ತೂತಿಲ್ಲದ ನೆತ್ತಿಗೆ ತಂತಿ ಏಕೆ? ಉಳಿದ ಎಂಟನ್ನು ಅವನು ಬರೀ ಪುಟ್ಟಿಯಲ್ಲಿ ಮಾಡಿದ. ಅಂಟು ಸಾಕು, ಯಾರೂ ಬಿಚ್ಚಿ ನೋಡುವುದಿಲ್ಲ ಎಂದುಕೊಂಡ. ಅವನ ಕೆಲಸದ ಬದುಕಿನಲ್ಲಿ ಹಾಗೆ ಅಂದುಕೊಂಡದ್ದು ಅದೇ ಮೊದಲು. ಯಾರಿಗೂ ಹೇಳಲಿಲ್ಲ. ಕಾರ್ಡು ಬರೆಯುತ್ತ ತಂಗಿ, "ಮೂವತ್ತೆರಡಕ್ಕೂ ಒಂದೇ ಕಾರ್ಡ್ ಸಾಕಲ್ವಾ?" ಎಂದು ಕೇಳಿದ್ದಳು. ಸಾಕು ಎಂದಿದ್ದ.

ಮನೆಯಲ್ಲಿ ಮೂರು ಸಲ ಎಣಿಸಿದಾಗ ಅವನು ನೋಡಿದ್ದು ಸಂಖ್ಯೆಯನ್ನು ಮಾತ್ರ, ತುರಾಯಿಗಳ ಬುಡವನ್ನಲ್ಲ. ಈಗ ಕರವಸ್ತ್ರ ಹಾಸಿ ಒಂದೊಂದನ್ನೇ ತಿರುಗಿಸಿ ನೋಡಿದ. ಬುಡದಲ್ಲಿ ತಂತಿ ಇದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ. ಎಡಕ್ಕೆ ಇಪ್ಪತ್ತಮೂರು ಬಂದರೆ ಬದುಕಿದಂತೆ. ಕಳೆದದ್ದರಲ್ಲಿ ತಂತಿ ಇದೆ, ಚಿತ್ರ ಸುಳ್ಳು ಹೇಳುವುದಿಲ್ಲ, ಮನೆಗೆ ಹೋಗಬಹುದು, ಯಾರಿಗೂ ಏನನ್ನೂ ಹೇಳಬೇಕಾದ್ದಿಲ್ಲ. ಬೆರಳು ಒದ್ದೆಯಾಗಿ ತುರಾಯಿಗಳು ಅಂಟಿಕೊಳ್ಳುತ್ತಿದ್ದವು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರು. ಕೈಯಲ್ಲಿ ಇನ್ನೊಂದು ಉಳಿದಿತ್ತು. ತಿರುಗಿಸಿದ. ತಂತಿಯ ತುದಿ ಬೆಳಕಿಗೆ ಹೊಳೆಯಿತು.

ಎಡಕ್ಕೆ ಇಪ್ಪತ್ತನಾಲ್ಕು, ಬಲಕ್ಕೆ ಏಳು.

ಹಾಗೆಂದು ಅದು ಮಗುವಿನ ಒಳಗಿದೆ ಎಂದೇನೂ ಆಗಲಿಲ್ಲ. ಮಂಚದ ಕೆಳಗೂ ಇರಬಹುದು. ತಾನು ಬಾಯಿ ಬಿಟ್ಟರೆ ಇಷ್ಟು ಚಿಕ್ಕ ಮಗುವಿಗೆ ಅರಿವಳಿಕೆ ಕೊಟ್ಟು ಗಂಟಲೊಳಗೆ ಏನೇನೋ ಇಳಿಸುತ್ತಾರೆ. ಒಳಗೆ ಏನೂ ಇಲ್ಲದಿದ್ದರೆ ಆ ಹಿಂಸೆಗೂ ಅವನೇ ಕಾರಣ. ಬಾಯಿ ಬಿಡದಿದ್ದರೆ ಮನೆ, ತೊಟ್ಟಿಲು, ರಾತ್ರಿ. ಅವನು ಈ ಎರಡನ್ನೂ ತಕ್ಕಡಿಗೆ ಹಾಕಿ ತೂಗಲು ನೋಡಿದ. ಸೀಟಿ ಮಾತ್ರ ಕೇಳುತ್ತಿತ್ತು.

ತಂಗಿ ಎದ್ದಳು. "ಅರ್ಧ ಗಂಟೆ ಆಯ್ತು. ನಡಿ, ಟ್ಯಾಕ್ಸಿ ಕರಿ."

"ಎಂಟಕ್ಕೆ ಹಾಕಿಲ್ಲ," ಎಂದ ಅಣ್ಣ.

"ಏನು?"

"ತಂತಿ. ಕೊನೇ ಎಂಟಕ್ಕೆ ಹಾಕಿಲ್ಲ. ಇಲ್ಲಿ ಏಳೇ ಇದೆ. ಕಳೆದುಹೋಗಿರೋದ್ರಲ್ಲಿ ತಂತಿ ಇಲ್ಲ. ಎಕ್ಸ್‌ರೇಲಿ ಕಾಣಲ್ಲ ಅದು."

ಅವಳು ಕರವಸ್ತ್ರದ ಮೇಲಿನ ಎರಡು ಗುಂಪುಗಳನ್ನು ನೋಡಿದಳು. ಬಳಿಕ ಅವಳಾಡಿದ ಮಾತು ಅವನು ನಿರೀಕ್ಷಿಸಿದ್ದಲ್ಲ.

"ನಾನು ಕಾರ್ಡಲ್ಲಿ ಬರ್ದಿದೀನಲ್ಲ, ಅಣ್ಣ."

ಅಷ್ಟು ಹೇಳಿ, ಮಗುವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಡಾಕ್ಟರಮ್ಮನ ಕೋಣೆಗೆ ಓಡಿದಳು.

ನಿದ್ದೆಯಲ್ಲಿದ್ದ ಮಗುವಿನ ಬೆನ್ನಿನ ಮೇಲೆ ಸ್ಟೆತಸ್ಕೋಪ್ ಈ ಸಲ ಬಹಳ ಹೊತ್ತು ನಿಂತಿತು. ಎಡಗಡೆ, ಬಲಗಡೆ, ಮತ್ತೆ ಎಡಗಡೆ, ಮತ್ತೆ ಬಲಗಡೆ. ಡಾಕ್ಟರಮ್ಮನ ಕಣ್ಣಿನಲ್ಲಿದ್ದ ನಿದ್ದೆ ಹೋಗಿತ್ತು.

"ಬಲಗಡೆ ಕೆಳಗೆ ಗಾಳಿ ಕಮ್ಮಿ ಹೋಗ್ತಿದೆ," ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, ದನಿ ಎತ್ತರಿಸದೆ, "ಇದನ್ನ ಮೊದ್ಲೇ ಹೇಳ್ಬೇಕಿತ್ತು ನೀವು. ಒಂದೂವರೆ ಗಂಟೆ ಆಯ್ತು," ಎಂದಳು.

"ಹೌದು," ಎಂದ ಅಣ್ಣ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಕೊಳವೆ ಇಳಿಸುವ ದೊಡ್ಡ ಡಾಕ್ಟರನ್ನು ಮೇಲಿನ ಮಹಡಿಯಿಂದ ಕರೆಸಿದರು. ಕಾಗದ ತಂದರು, ತಂಗಿ ಸಹಿ ಮಾಡಿದಳು, ಅಕ್ಷರ ದುಂಡಗಿರಲಿಲ್ಲ. ದೊಡ್ಡ ಡಾಕ್ಟರು ಬಿಳಿಗೂದಲಿನವರು, ಹೆಚ್ಚು ಮಾತಿಲ್ಲ. ಅಣ್ಣನ ಮುಂದೆ ಕೈ ಚಾಚಿದರು.

"ಅದೇ ಥರದ್ದು ಒಂದು ಕೊಡಿ. ತಂತಿ ಇಲ್ಲದ್ದು."

ಉದ್ದನೆಯ ಇಕ್ಕಳದ ತುದಿಯಲ್ಲಿ ತುರಾಯಿಯನ್ನು ಹಿಡಿದರು. ಜಾರಿತು. ಇನ್ನೊಮ್ಮೆ ಹಿಡಿದರು. ಜಾರಿ ಮೇಜಿನ ಮೇಲೆ ಬಿತ್ತು.

"ಒಳಗೆ ಹೀಗೆ ಜಾರಿದ್ರೆ ಇನ್ನೂ ಕೆಳಗೆ ಹೋಗತ್ತೆ. ಪುಡಿಯಾಗತ್ತಾ ಇದು?"

"ಆಗಲ್ಲ. ಹೆಚ್ಚು ಒತ್ತಿದ್ರೆ ಬಾಗತ್ತೆ, ಮುರಿಯಲ್ಲ." ಅಣ್ಣನ ಮಾತು ಸಾಲಾಗಿ ಬಂತು. "ಮೇಲ್ಗಡೆ ಹಿಡೀಬೇಡಿ ಸರ್, ಗರಿಯ ಗೆರೆಗಳೆಲ್ಲ ತುದಿ ಕಡೆಗೆ ಇಳಿಜಾರು. ಬುಡದಲ್ಲಿ ಉಂಗುರದ ಹಾಗೆ ಒಂದು ಉಬ್ಬು ಇದೆ, ನೋಡಿ. ಅದಕ್ಕೂ ಗರಿಗೂ ಮಧ್ಯ ಒಂದು ಕೊರಳಿದೆ. ಅಲ್ಲಿ ಅಡ್ಡಕ್ಕೆ ಹಿಡೀರಿ."

ದೊಡ್ಡ ಡಾಕ್ಟರು ಕನ್ನಡಕ ಏರಿಸಿ ನೋಡಿದರು. ಕೊರಳಿನಲ್ಲಿ ಹಿಡಿದು ಅಲ್ಲಾಡಿಸಿದರು. ತುರಾಯಿ ಅಲುಗಲಿಲ್ಲ. ಎಡಗೈಯಿಂದ ಎಳೆದು ನೋಡಿದರು. ಬರಲಿಲ್ಲ.

"ಎಲ್ಲಾದಕ್ಕೂ ಈ ಕೊರಳು ಇದ್ಯಾ?" ಎಂದು ಕೇಳಿ, "ನಿಜ ಹೇಳಿ," ಎಂದರು.

"ಎಲ್ಲಾದಕ್ಕೂ ಇದೆ."

ಬಾಗಿಲು ಮುಚ್ಚಿತು. ಬಾಗಿಲ ಮೇಲೆ ಒಂದು ಕೆಂಪು ದೀಪ ಹತ್ತಿತು. ಅಣ್ಣ ಅದರ ಎದುರಿನ ಗೋಡೆಗೆ ಒರಗಿ ನಿಂತ. ತಂಗಿ ಬೆಂಚಿನ ತುದಿಯಲ್ಲಿ, ಮಗುವಿನ ಒಂದು ಕಾಲುಚೀಲ ಮುಷ್ಟಿಯಲ್ಲಿ ಹಿಡಿದು ಕುಳಿತಳು. ಫೋನು ಎರಡು ಸಲ ಬಡಿದುಕೊಂಡಿತು. ಅವಳು ಎತ್ತಲಿಲ್ಲ.

ಅಣ್ಣ ತನ್ನ ಉತ್ತರವನ್ನು ತಾನೇ ಮತ್ತೆ ಪ್ರಶ್ನಿಸಿಕೊಂಡ. ಮೂವತ್ತೆರಡಕ್ಕೂ ಕೊರಳು ಇದೆಯೆ? ಇದೆ ಎಂದಿದ್ದ. ಎಂಟನ್ನು ಒಂದೇ ಮಧ್ಯಾಹ್ನ ಮಾಡಿದ್ದು; ಪುಟ್ಟಿ ಬಿಗಿಯುವ ಮೊದಲು ಮುಗಿಸಬೇಕಿತ್ತು; ಕೊನೆಯ ಒಂದೆರಡರ ಹೊತ್ತಿಗೆ ಪುಟ್ಟಿ ಸಲಾಕೆಗೆ ಎದುರು ನಿಲ್ಲುತ್ತಿತ್ತು. ಆಗ ಕೊರಳನ್ನು ಪೂರ್ತಿ ಒತ್ತಿದ್ದನೆ? ಅವನು ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳು ಸೇರಿಸಿ, ಗಾಳಿಯಲ್ಲಿ ಇಲ್ಲದ ತುರಾಯಿಯೊಂದನ್ನು ಹಿಡಿದು ತಿರುಗಿಸಿದ. ಒತ್ತು, ತಿರುಗಿಸು, ಒತ್ತು. ಎಂಟು ಸಲ ತಿರುಗಿಸಿದ. ಎಂಟನೆಯದರಲ್ಲಿ ಬೆರಳಿಗೆ ಏನೂ ನೆನಪಾಗಲಿಲ್ಲ.

ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ ಕಳೆಯಿತು.

ಕೆಂಪು ದೀಪ ಆರಿತು. ಮೊದಲು ಬಂದದ್ದು ಒಂದು ಅಳು. ಒಡಕಲು, ಬೊಗಸೆಯಷ್ಟು ಅಳು. ಇಲಿಮರಿಯ ಅಳುವೆಂದು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ತಂಗಿ ಒಳಗೆ ಹೋದಳು. ದೊಡ್ಡ ಡಾಕ್ಟರು ಮುಖದ ಬಟ್ಟೆ ಇಳಿಸುತ್ತ ಹೊರಬಂದು, "ಎರಡನೇ ಸಲಕ್ಕೆ ಬಂತು. ಇವತ್ತು ಇಲ್ಲೇ ಇರ್ಲಿ," ಎಂದು ಹೇಳಿ ಸ್ಟೀಲಿನ ಪುಟ್ಟ ಬಟ್ಟಲನ್ನು ಅವನ ಕೈಗಿಟ್ಟರು.

ಬಟ್ಟಲಿನಲ್ಲಿ ಎರಡು ತುರಾಯಿಗಳಿದ್ದವು. ಒಂದು ಅವನು ಮಾದರಿಗೆಂದು ಕೊಟ್ಟದ್ದು, ಇನ್ನೊಂದು ಒಳಗಿನಿಂದ ಬಂದದ್ದು. ಎರಡನ್ನೂ ತೊಳೆದಿದ್ದರು. ಅಣ್ಣ ಅವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದ. ಯಾವುದು ಯಾವುದೆಂದು ಅವನಿಗೂ ತಿಳಿಯಲಿಲ್ಲ.

ವಾರ್ಡಿನಲ್ಲಿ ಮಗು ಪಕ್ಕಕ್ಕೆ ಹೊರಳಿ ಮಲಗಿತ್ತು. ಸೀಟಿ ಇರಲಿಲ್ಲ. ಅಣ್ಣ ಮಂಚದಿಂದ ಎರಡು ಹೆಜ್ಜೆ ಹಿಂದೆ ನಿಂತ. ತಂಗಿ ತಲೆಯೆತ್ತದೆ ಕೈ ಚಾಚಿದಳು. ಅವನು ಬಟ್ಟಲು ಕೊಟ್ಟ. ಅವಳು ಎರಡನ್ನೂ ಅಂಗೈಗೆ ಸುರಿದುಕೊಂಡು ಮತ್ತೆ ಕೈ ಚಾಚಿದಳು.

"ಉಳಿದದ್ದು?"

ಅವನು ಕರವಸ್ತ್ರದ ಗಂಟು ಬಿಚ್ಚಿ ಆರನ್ನು ಆರಿಸಿ ಒಂದೊಂದಾಗಿ ಅವಳ ಅಂಗೈ ಮೇಲಿಟ್ಟ. ಎಂಟೂ ಸೇರಿದವು. ಅವಳು ಅವನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಮಗುವಿನ ಕೈಗೆಟುಕದ ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಇನ್ಯಾವುದಕ್ಕೆ ಹಾಕಿಲ್ಲ?"

"ಇಷ್ಟೇ. ಮಿಕ್ಕ ಇಪ್ಪತ್ತನಾಲ್ಕಕ್ಕೂ ಇದೆ."

ಅವಳು ಡಬ್ಬಿ ತೆಗೆದುಕೊಂಡಳು. ಮುಚ್ಚಳದ ಒಳಗಿನ ಕಾರ್ಡನ್ನು ನೋಡಲಿಲ್ಲ. ಮಿಕ್ಕವನ್ನು ಕರವಸ್ತ್ರದ ಸಮೇತ ಮಡಿಲ ಮೇಲೆ ಹರಡಿಕೊಂಡು, ಒಂದನ್ನು ಎತ್ತಿ, ಬುಡದ ತಂತಿಯನ್ನು ಎರಡು ಉಗುರುಗಳ ನಡುವೆ ಹಿಡಿದು ಎಳೆದಳು. ಬರಲಿಲ್ಲ. ಅದನ್ನು ಡಬ್ಬಿಗೆ ಹಾಕಿ ಇನ್ನೊಂದನ್ನು ಎತ್ತಿದಳು. ಅದನ್ನೂ ಎಳೆದಳು. ಅಣ್ಣ ನಿಂತಲ್ಲೇ ನಿಂತು ಎಣಿಸುತ್ತಿದ್ದ.

ಹನ್ನೊಂದನೆಯದು ಅವಳ ಕೈಯಲ್ಲಿದ್ದಾಗ ಮಗು ನಿದ್ದೆಯಲ್ಲಿ ಒಮ್ಮೆ ಕೆಮ್ಮಿತು. ಇಬ್ಬರೂ ಅದರ ಕಡೆ ನೋಡಿದರು. ಮಗು ತುಟಿ ಚೀಪಿ, ಕಾಲು ಮಡಚಿಕೊಂಡು, ಮತ್ತೆ ನಿದ್ದೆಗೆ ಜಾರಿತು.

ತಂಗಿ ಹನ್ನೊಂದನೆಯದನ್ನು ಡಬ್ಬಿಗೆ ಹಾಕಿ, ಹನ್ನೆರಡನೆಯದನ್ನು ಎತ್ತಿಕೊಂಡಳು.